ಮೂರನೇ ಪೆಗ್ಗಿನ ನಂತರ: ಬೆಂಗಳೂರಿನ ಒಂದು ಕೊಕೇನ್ ಪ್ರಕರಣ

ಆಪ್ತ ಸಮಾಲೋಚಕಿಯಾಗಿ ನಾನು ಹತ್ತಿರದಿಂದ ಕಂಡ ಪ್ರಕರಣ ಇದು. ಹೆಸರು, ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಾಯಿಸಿದ್ದೇನೆ. ಬರೆಯುವ ಮುಂಚೆ ಗಂಡ ಹೆಂಡತಿ ಇಬ್ಬರನ್ನೂ ಕೇಳಿದೆ. ಇಬ್ಬರೂ ಓದಿ, ಒಂದೆರಡು ಕಡೆ ತಿದ್ದಿಸಿ, ಒಪ್ಪಿದ್ದಾರೆ. ಗಂಡನನ್ನು ಕಿರಣ್ ಅನ್ನೋಣ. ಹೆಂಡತಿಯನ್ನು ಸುಮಾ ಅನ್ನೋಣ.

ಆ ರಾತ್ರಿ

ಭಾನುವಾರ ಬೆಳಗಿನ ಜಾವ 2:40. ಸರ್ಜಾಪುರ ರಸ್ತೆ ಕಡೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿ. ಕಿರಣ್‌ಗೆ ಎದೆ ಹಿಂಡಿದ ಹಾಗೆ ನೋವು, ಎಡಗೈ ಜೋಮು, ಅಂಗಿಯೆಲ್ಲ ಬೆವರಿಗೆ ಒದ್ದೆ. ವಯಸ್ಸು 34.

ಡ್ಯೂಟಿ ಡಾಕ್ಟರ್ ಕೇಳಿದರು: "ಏನಾದ್ರೂ ತಗೊಂಡಿದೀರಾ ಸರ್?"

"ಎರಡು ಬಿಯರ್ ಅಷ್ಟೇ ಡಾಕ್ಟ್ರೇ. ಗ್ಯಾಸ್ಟ್ರಿಕ್ ಇರಬೇಕು."

ಸುಮಾ ಪಕ್ಕದಲ್ಲೇ ನಿಂತಿದ್ದರು. ಅವರಿಗೂ ಅದು ಗ್ಯಾಸ್ಟ್ರಿಕ್ ಅಂತಲೇ ಅನಿಸಿತ್ತು. ಡಾಕ್ಟರ್ ಚಿಕ್ಕ ವಯಸ್ಸಿನವರು. ಟಾರ್ಚ್ ಹಿಡಿದು ಕಣ್ಣು ನೋಡಿದರು. ಅಷ್ಟು ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇತ್ತು. ನಾಡಿ 140 ದಾಟಿತ್ತು. ಅವರು ಸುಮಾ ಕಡೆ ತಿರುಗಿ, "ಮೇಡಂ, ಕೌಂಟರಿನಲ್ಲಿ ಫೈಲ್ ಮಾಡಿಸ್ಕೊಂಡು ಬಂದುಬಿಡಿ" ಅಂದರು. ಸುಮಾ ಹೋದ ಮೇಲೆ ಪರದೆ ಎಳೆದರು.

"ನಾನು ಪೊಲೀಸ್ ಅಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ದೆ ಔಷಧಿ ಕೊಟ್ರೆ ನಿಮಗೇ ಕಷ್ಟ. ಹೇಳಿ."

ಕಿರಣ್ ಗೋಡೆ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದರು. "ಕೋಕ್."

ಈ ಪ್ರಕರಣದ ಮೊದಲ ತಿರುವು ಇದೇ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬೇರೆಯಾಯಿತು. ಜೋರಾಗಿ ಬಡಿಯುವ ಎದೆಯನ್ನು ತಗ್ಗಿಸಲು ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಕೊಕೇನ್ ತಗೊಂಡವರಿಗೆ ಕೊಡಲು ಡಾಕ್ಟರುಗಳು ಹಿಂಜರಿಯುತ್ತಾರೆ. ಹೃದಯದ ರಕ್ತನಾಳ ಇನ್ನಷ್ಟು ಬಿಗಿಯುವ ಭಯ ಇರುತ್ತದೆ. ಕಿರಣ್‌ಗೆ ಮೊದಲು ಕೊಟ್ಟದ್ದು ಮೈಮನಸ್ಸು ಶಾಂತವಾಗುವ ಇಂಜೆಕ್ಷನ್. ಜೊತೆಗೆ ಆಸ್ಪಿರಿನ್, ನಾಲಿಗೆಯಡಿಯ ಮಾತ್ರೆ. ಇಸಿಜಿಯಲ್ಲಿ ಸ್ವಲ್ಪ ಏರುಪೇರಿತ್ತು. ಆದರೆ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿರಲಿಲ್ಲ.

ಎಷ್ಟು ಹತ್ತಿರ ಹೋಗಿ ಬಂದರು ಅನ್ನೋದಕ್ಕೆ ಒಂದು ಲೆಕ್ಕ ಹೇಳ್ತೀನಿ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಕೊಕೇನ್ ತಗೊಂಡ ಮೊದಲ 1 ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಏರುತ್ತದೆ. ವಯಸ್ಸು ಚಿಕ್ಕದು, ಬಿಪಿ ಇಲ್ಲ, ಶುಗರ್ ಇಲ್ಲ ಅನ್ನೋದೆಲ್ಲ ಆ ಹೊತ್ತಿನಲ್ಲಿ ದೊಡ್ಡ ರಕ್ಷಣೆಯಲ್ಲ.

ಹಿನ್ನೆಲೆ

ಕಿರಣ್ ಮಲೆನಾಡಿನವರು. ಅಪ್ಪನಿಗೆ ಎರಡೂವರೆ ಎಕರೆ ಅಡಿಕೆ ತೋಟ. ಊರಿನ ಕನ್ನಡ ಶಾಲೆ, ಶಿವಮೊಗ್ಗದಲ್ಲಿ ಪಿಯುಸಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೆಯ ಹುದ್ದೆ. ಸುಮಾ ಶಾಲೆಯೊಂದರಲ್ಲಿ ಟೀಚರ್. ಆಗ ನಾಲ್ಕು ವರ್ಷದ ಮಗಳಿದ್ದಳು.

ಆ ರಾತ್ರಿಗೆ ಮೂರು ವರ್ಷ ಮುಂಚೆ ಬೆಳ್ಳಂದೂರಿನ ಒಂದು ಫ್ಲ್ಯಾಟಿನಲ್ಲಿ ಪಾರ್ಟಿ. ಒಬ್ಬ ಗೆಳೆಯ ಮೊಬೈಲ್ ಗಾಜಿನ ಮೇಲೆ ಪುಡಿ ಹಾಕಿ, ಎಟಿಎಂ ಕಾರ್ಡಿನಲ್ಲಿ ಗೆರೆ ಎಳೆದು, ನೋಟು ಸುತ್ತಿ ಕೈಗೆ ಕೊಟ್ಟ. "ಸುಮ್ನೆ ಒಂದು ಲೈನ್." ಕಿರಣ್‌ಗೆ ಇವತ್ತಿಗೂ ನೆನಪಿರುವುದು ಆ ನೋಟು. ಐನೂರರದ್ದು, ಹೊಸದು, ಅಂಚಿಗೆ ತೇವ.

ಮೂಗಿನಲ್ಲಿ ಎಳೆದ ಕೊಕೇನಿನ ಅಮಲು ಹೆಚ್ಚೆಂದರೆ ಅರ್ಧ ಗಂಟೆ. ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತನ್ನ ಕೆಲಸ ಮುಗಿಸಿ ವಾಪಸ್ ಹೋಗಬೇಕು. ಕೊಕೇನ್ ಆ ಬಾಗಿಲನ್ನು ಮುಚ್ಚಿಬಿಡುತ್ತದೆ. ಖುಷಿ ಅಲ್ಲೇ ಮಡುಗಟ್ಟುತ್ತದೆ. ಇಳಿಯುವಾಗ ಮಾತ್ರ ಮೊದಲಿದ್ದ ಜಾಗಕ್ಕಿಂತ ಕೆಳಗೆ ಇಳಿಸುತ್ತದೆ. ಅದಕ್ಕೇ ಇನ್ನೊಂದು ಲೈನ್ ಬೇಕು ಅನಿಸೋದು.

ಮೊದಲ ವರ್ಷ ನಾಲ್ಕೈದು ಸಲ. ಎರಡನೇ ವರ್ಷ ಹದಿನೈದು ದಿನಕ್ಕೊಮ್ಮೆ. ಆಮೇಲೆ ಒಬ್ಬರೇ, ಮನೆಯ ಬಾತ್‌ರೂಂನಲ್ಲಿ, ನಲ್ಲಿ ಬಿಟ್ಟುಕೊಂಡು. ಒಂದು ಗ್ರಾಂಗೆ ಅವರು ಕೊಡುತ್ತಿದ್ದದ್ದು ಹತ್ತರಿಂದ ಹನ್ನೆರಡು ಸಾವಿರ. ಸಂಬಳ ಸಾಲದೆ ಆ್ಯಪ್‌ಗಳಲ್ಲಿ ಸಾಲ. ನನ್ನ ಹತ್ತಿರ ಬರುವಾಗ ಸಾಲ 9 ಲಕ್ಷ ದಾಟಿತ್ತು. ಸುಮಾಗೆ ಗೊತ್ತಿದ್ದದ್ದು ಕಾರಿನ ಇಎಂಐ ಒಂದೇ.

ನಮ್ಮ ದೇಶದಲ್ಲಿ ಕೊಕೇನ್ ಚಟ ಕಡಿಮೆಯೇ. 2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಶೇ 0.10 ಜನ, ಅಂದರೆ ಸುಮಾರು 10.7 ಲಕ್ಷ. ಮದ್ಯದ ಮುಂದೆ ಇದು ಏನೂ ಅಲ್ಲ ಅನಿಸುತ್ತದೆ. ಆದರೆ ಕಿರಣ್‌ರಂಥವರು ಯಾರ ಕಣ್ಣಿಗೂ ಬೀಳದೆ ಉಳಿಯಲು ಇದೂ ಒಂದು ಕಾರಣ. ಕುಡುಕನನ್ನು ಬೀದಿ ಗುರುತಿಸುತ್ತದೆ. ಇಸ್ತ್ರಿ ಅಂಗಿ ಹಾಕಿ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ನಡೆಸುವವರನ್ನು ಯಾರು ಗುರುತಿಸಬೇಕು?

ಮನೆಯವರು ಮಾಡಿ ನೋಡಿದ್ದು

ಆಸ್ಪತ್ರೆಯಿಂದ ಬಂದ ಎರಡನೇ ದಿನ ಕಿರಣ್ ತಾವೇ ಸುಮಾಗೆ ಹೇಳಿದರು. ಸುಮಾ ಅತ್ತರು, ಬೈದರು, ಆಮೇಲೆ ತಮಗೆ ತೋಚಿದ್ದನ್ನೆಲ್ಲ ಮಾಡಿದರು.

ಮೊದಲು ಆಣೆ. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಮುಂದೆ ಇನ್ನು ಮುಟ್ಟಲ್ಲ ಅಂತ ಆಣೆ ಮಾಡಿದರು. ಐದು ವಾರ ಮುಟ್ಟಲಿಲ್ಲ. ಆರನೇ ವಾರ ತಪ್ಪಿದಾಗ ಚಟದ ಜೊತೆಗೆ ದೇವರಿಗೆ ಸುಳ್ಳು ಹೇಳಿದ ಪಾಪವೂ ತಲೆಗೆ ಏರಿತು. "ಹೇಗೂ ಆಣೆ ಮುರೀತು, ಇನ್ನೇನು" ಅಂತ ಆ ತಿಂಗಳು ಮೊದಲಿಗಿಂತ ಜಾಸ್ತಿ ತಗೊಂಡರು. ಆಣೆ ತಪ್ಪು ಅಂತ ನಾನು ಹೇಳಲ್ಲ. ಆದರೆ ಒಮ್ಮೆ ಜಾರಿದವರು ಎದ್ದು ಮತ್ತೆ ಬರೋದಕ್ಕೆ ಆಣೆಯಲ್ಲಿ ಜಾಗ ಇರಲಿಲ್ಲ.

ಆಮೇಲೆ ಕಾರ್ಡು, ಯುಪಿಐ ಎಲ್ಲ ಸುಮಾ ಕೈಗೆ. ಕಿರಣ್ ಸಹೋದ್ಯೋಗಿಗಳ ಹತ್ತಿರ ಕೈಸಾಲ ಮಾಡಿದರು.

ಮೂರನೆಯದು ಸುಮಾರ ಅಣ್ಣ ತೆಗೆದುಕೊಂಡ ನಿರ್ಧಾರ. ಊರ ಹೊರಗಿನ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡಿದರು. ರಾತ್ರಿ ವ್ಯಾನ್ ಬಂತು. ನಾಲ್ಕು ಜನ ಬಂದು ಕಿರಣ್‌ರನ್ನು ಎತ್ತಿಕೊಂಡು ಹೋದರು. 28 ದಿನ. ಅಷ್ಟೂ ದಿನದಲ್ಲಿ ಒಬ್ಬ ಮನೋವೈದ್ಯರನ್ನೂ ಅವರು ನೋಡಲಿಲ್ಲ. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಪಾತ್ರೆ ತೊಳೆಯೋದು, ಎದುರು ಮಾತಾಡಿದರೆ ಊಟ ಇಲ್ಲ. ಹೊರಗೆ ಬಂದ ಮೂರನೇ ದಿನ ಪುಡಿ ತರಿಸಿದರು.

ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟ ಆಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ಸಮಸ್ಯೆಗಳನ್ನೂ ಕಾಯಿಲೆಯ ಸಾಲಿಗೆ ಸೇರಿಸಿದೆ. ಇಂಥ ಕೇಂದ್ರಗಳು ನೋಂದಣಿ ಮಾಡಿಸಬೇಕು. ರೋಗಿಗೆ ಹಕ್ಕುಗಳಿವೆ. ಹೊಡೆದು, ಕೂಡಿಹಾಕಿ ಚಟ ಬಿಡಿಸುತ್ತೇವೆ ಅನ್ನೋದು ಚಿಕಿತ್ಸೆಯೂ ಅಲ್ಲ, ಕಾನೂನೂ ಅಲ್ಲ. ಅಣ್ಣನ ಉದ್ದೇಶ ಒಳ್ಳೆಯದೇ ಇತ್ತು. ತಂಗಿಯ ಸಂಸಾರ ಉಳಿಯಲಿ ಅಂತಲೇ ಮಾಡಿದ್ದು. ಸೇರಿಸುವ ಮುಂಚೆ "ಡಾಕ್ಟರ್ ಯಾರು, ನೋಂದಣಿ ಪತ್ರ ತೋರಿಸಿ" ಅಂತ ಕೇಳಬೇಕು ಅನ್ನೋದು ಅವರಿಗೆ ಗೊತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಮೊದಲೇ ಯಾಕೆ ಹೋಗಲಿಲ್ಲ ಅಂತ ಕೇಳಿದ್ದೆ. ಕಿರಣ್‌ಗಿದ್ದದ್ದು ಪೊಲೀಸ್ ಭಯ. ಆ ಭಯಕ್ಕೆ ಆಧಾರವೂ ಇತ್ತು. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಕೊಕೇನ್ ತಗೊಳ್ಳೋದೇ ಅಪರಾಧ. 27ನೇ ಕಲಂ ಅಡಿ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಕೇನಿನಲ್ಲಿ 2 ಗ್ರಾಂವರೆಗೆ ಸಣ್ಣ ಪ್ರಮಾಣ. 100 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಶಿಕ್ಷೆ.

ಅವರಿಗೆ ಗೊತ್ತಿಲ್ಲದ ಎರಡು ವಿಷಯ ಇದ್ದವು. ಒಂದು, 64ಎ ಕಲಂ. ವ್ಯಸನಿಯ ಮೇಲೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇದ್ದು, ಅವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಆ ಆರೋಪದ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ವಾಪಸ್ ಹೋಗಬಹುದು. ಇನ್ನೊಂದು ಕಹಿಯಾದದ್ದು. ಕಿರಣ್ ಒಂದೆರಡು ಸಲ ನಾಲ್ಕು ಗೆಳೆಯರಿಂದ ದುಡ್ಡು ಸೇರಿಸಿ, ತಾವೇ ಪುಡಿ ತಂದು ಹಂಚಿದ್ದರು. ಅವರ ಕಣ್ಣಿಗೆ ಅದು ಬಿರಿಯಾನಿ ಆರ್ಡರ್ ಮಾಡಿ ಬಿಲ್ ಹಂಚಿಕೊಂಡ ಹಾಗೆ. ವಕೀಲರು ಹೇಳಿದ್ದು: "ಕಾನೂನಿನ ಕಣ್ಣಿಗೆ ಇದು ಕೊಂಡು ಮಾರಿದ ಹಾಗೇ ಕಾಣಬಹುದು." ಆ ದಿನ ಕಿರಣ್ ಬಹಳ ಹೊತ್ತು ಮಾತಾಡಲಿಲ್ಲ.

ವಾರದ ಹಾಳೆ

ಒಂದು ಸರ್ಕಾರಿ ಆಸ್ಪತ್ರೆಯ ವ್ಯಸನ ಚಿಕಿತ್ಸಾ ವಿಭಾಗದ ಮನೋವೈದ್ಯರು ಅವರನ್ನು ನೋಡಿ ನನ್ನ ಹತ್ತಿರ ಕಳಿಸಿದರು. ಹೆರಾಯಿನ್ ಬಿಡಿಸಲು ಔಷಧಿಗಳಿವೆ. ಮದ್ಯಕ್ಕೂ ಇವೆ. ಕೊಕೇನ್ ಬಿಡಿಸಲು ಅಂತ ಮಂಜೂರಾದ ಮಾತ್ರೆ ಇನ್ನೂ ಇಲ್ಲ. ಮಾತು, ಅಭ್ಯಾಸ, ಮನೆ, ಇವುಗಳಲ್ಲೇ ಕೆಲಸ ಆಗಬೇಕು.

ನಾನು ಎಲ್ಲರಿಗೂ ಮಾಡಿಸುವ ಹಾಗೆ ಒಂದು ದೊಡ್ಡ ಹಾಳೆ ಕೊಟ್ಟೆ. ಹಿಂದಿನ ಒಂದು ವರ್ಷದಲ್ಲಿ ನೆನಪಿರುವ ಪ್ರತಿ ಸಲವನ್ನೂ ಬರೆಯಿರಿ. ಯಾವ ದಿನ, ಎಲ್ಲಿ, ಯಾರ ಜೊತೆ, ಅದಕ್ಕೆ ಎರಡು ಗಂಟೆ ಮುಂಚೆ ಏನು ಮಾಡ್ತಿದ್ದಿರಿ. ಅವರು ಲೆಕ್ಕದವರು, ನೀಟಾಗಿ ಬರೆದು ತಂದರು. 31 ಸಲ.

ನಾನು ಕೆಂಪು ಪೆನ್ನಿನಲ್ಲಿ ಬರೀ ಒಂದು ಗುರುತು ಹಾಕುತ್ತಾ ಹೋದೆ. ಪುಡಿಗೆ ಮುಂಚೆ ಕುಡಿದಿದ್ದರಾ? 31ರಲ್ಲಿ 28ಕ್ಕೆ ಕೆಂಪು ಗುರುತು ಬಿತ್ತು.

ಕಿರಣ್ ಹಾಳೆ ಹತ್ತಿರ ಎಳೆದುಕೊಂಡು ಮತ್ತೆ ಎಣಿಸಿದರು.

"ಮೂರನೇ ಪೆಗ್ ಆದ್ಮೇಲೆ ಮೇಡಂ. ಯಾವಾಗ್ಲೂ. ಎರಡರವರೆಗೆ ಅದರ ನೆನಪೇ ಬರಲ್ಲ."

ಮೂರು ವರ್ಷ, ಒಂದು ಆಣೆ, 28 ದಿನದ ಬಂಧನ. ಇಷ್ಟರಲ್ಲಿ ಯಾರೂ ಮದ್ಯದ ಕಡೆ ನೋಡಿರಲಿಲ್ಲ. ಪುಡಿ ಬಿಟ್ಟರೆ ಸಾಕು, ಶನಿವಾರ ಎರಡು ಪೆಗ್ ಹಾಕಿಕೊಂಡರೆ ಹಾಕಿಕೊಳ್ಳಲಿ ಅಂತ ಸುಮಾನೇ ಹೇಳಿದ್ದರು. ಪಾಪ, ಅದು ಅವರಿಗೆ ದೊಡ್ಡ ರಾಜಿ. ಆದರೆ ಕಳ್ಳ ಬರುತ್ತಿದ್ದ ಬಾಗಿಲು ಅದೇ ಆಗಿತ್ತು. ಅದರ ಮೇಲೆ ಇನ್ನೊಂದು ವಿಷಯ. ಮದ್ಯ, ಕೊಕೇನ್ ಎರಡೂ ಮೈಯಲ್ಲಿದ್ದರೆ ನಮ್ಮ ಪಿತ್ತಜನಕಾಂಗವೇ (ಲಿವರ್) ಅವನ್ನು ಸೇರಿಸಿ ಕೋಕಾಎಥಿಲೀನ್ ಅನ್ನುವ ಮೂರನೇ ವಸ್ತು ತಯಾರಿಸುತ್ತದೆ. ಅದು ಕೊಕೇನಿಗಿಂತ ಜಾಸ್ತಿ ಹೊತ್ತು ಇರುತ್ತದೆ, ಹೃದಯಕ್ಕೆ ಇನ್ನೂ ಕೆಟ್ಟದ್ದು. ಆ ಎಮರ್ಜೆನ್ಸಿ ರಾತ್ರಿ ಕಿರಣ್ ಕುಡಿದದ್ದು ಎರಡು ಬಿಯರ್ ಅಲ್ಲ. ಐದು ಪೆಗ್.

ಮದ್ಯವನ್ನೂ ಪೂರ್ತಿ ಬಿಡಬೇಕು ಅಂದಾಗ ಅವರು ಜಗಳವಾಡಿದರು. "ನನ್ನ ಸಮಸ್ಯೆ ಅದಲ್ಲ" ಅಂದರು. ಎರಡು ವಾರ ಬರಲೇ ಇಲ್ಲ. ನಾನು ಹಿಂದೆ ಬಿದ್ದು ಫೋನ್ ಮಾಡಬೇಕಾ ಬೇಡವಾ ಅಂತ ಯೋಚಿಸಿದೆ. ಕೊನೆಗೆ ಒಂದೇ ಮೆಸೇಜ್ ಹಾಕಿದೆ: "ಹಾಳೆ ನನ್ನ ಹತ್ತಿರ ಇದೆ. ನಿಮಗೆ ಬೇಕಾದಾಗ ಬನ್ನಿ." ಮೂರನೇ ವಾರ ಬಂದರು. ಈ ಮಧ್ಯೆ ಒಂದು ಶನಿವಾರ ಮೂರನೇ ಪೆಗ್ಗಿಗೆ ಬೆರಳು ತಾನಾಗಿಯೇ ಹಳೇ ನಂಬರಿನ ಕಡೆ ಹೋಯಿತಂತೆ.

ಆಮೇಲೆ ಶುರುವಾದದ್ದು ಹುಂಡಿ. ಕೊಕೇನ್ ಚಟಕ್ಕೆ ಜಗತ್ತಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ವಿಧಾನಗಳಲ್ಲಿ ಒಂದು ತುಂಬ ಸರಳ. ಮೂತ್ರ ಪರೀಕ್ಷೆ ಶುದ್ಧವಾಗಿ ಬಂದ ಕೂಡಲೇ ಒಂದು ಸಣ್ಣ ಬಹುಮಾನ. ದೊಡ್ಡದು ಬೇಡ. ಆದರೆ ತಪ್ಪಬಾರದು, ತಡ ಆಗಬಾರದು. ಕೊಕೇನಿನ ಗುರುತು ಮೂತ್ರದಲ್ಲಿ ಎರಡರಿಂದ ನಾಲ್ಕು ದಿನ ಸಿಗುತ್ತದೆ. ಹಾಗಾಗಿ ಸೋಮವಾರ ಒಂದು, ಗುರುವಾರ ಒಂದು ಪರೀಕ್ಷೆ. ಬಹುಮಾನ ಏನು ಅಂತ ನಿರ್ಧರಿಸಿದ್ದು ಸುಮಾ. ಆ ವರ್ಷದ ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಮಗಳಿಗೆ ಒಂದು ಮಣ್ಣಿನ ಹುಂಡಿ ಕೊಡಿಸಿದ್ದರು. ಪರೀಕ್ಷೆ ಶುದ್ಧವಾಗಿ ಬಂದ ದಿನ ಸಂಜೆ ಕಿರಣ್ ಮಗಳ ಕೈಗೆ ಇನ್ನೂರು ರೂಪಾಯಿ ಕೊಡೋದು. ಅವಳು ನೋಟು ಮಡಚಿ ಮಡಚಿ ಆ ಸಣ್ಣ ಸೀಳಿನಲ್ಲಿ ತುರುಕೋದು. ಸೈಕಲ್ಲಿಗೆ.

ಯಾಕೆ ಕೊಡ್ತಾರೆ ಅಂತ ಮಗುವಿಗೆ ಗೊತ್ತಿಲ್ಲ. ಸೋಮವಾರ, ಗುರುವಾರ ಅಪ್ಪ ಬೇಗ ಬರ್ತಾರೆ ಅಂತ ಮಾತ್ರ ಗೊತ್ತು. ಬಾಗಿಲ ಹತ್ತಿರ ಹುಂಡಿ ಹಿಡಿದು ಕೂತಿರುತ್ತಿದ್ದಳು.

ಅಪ್ಪ ಬಂದದ್ದು

ನಾಲ್ಕನೇ ತಿಂಗಳಲ್ಲಿ ಊರಿನಿಂದ ಅಪ್ಪ ಬಂದರು. ಸಾಲ ತೀರಿಸಲು ತೋಟದ ಒಂದು ಭಾಗ ಅಡ ಇಡುವ ಮಾತು ಬಂದಿತ್ತು. ಕಾರಣ ಹೇಳದೆ ಅಡ ಇಡಿಸುವುದು ಬೇಡ ಅಂತ ನಾನು ಪಟ್ಟು ಹಿಡಿದೆ. ಕಿರಣ್ ಬಹಳ ಹೆದರಿದ್ದರು. ಕೊನೆಗೆ ನನ್ನ ಕೋಣೆಯಲ್ಲೇ ಹೇಳೋಣ ಅಂತಾಯಿತು.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿ ಕವಳದ ಸಂಚಿ. ಬೈಯಲಿಲ್ಲ. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರುತ್ತಾ ನನ್ನನ್ನು ಕೇಳಿದರು:

"ಅದು ಯಾವ ಗಿಡದ್ದು ಅಮ್ಮಾ? ಯಾರು ಬೆಳೀತಾರೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾವ ತಂದೆಯೂ ನನ್ನನ್ನು ಕೇಳಿರಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ.

ಅದು ಕೋಕಾ ಅನ್ನುವ ಪೊದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಇಳಿಜಾರಿನ ಬೆಳೆ. ಮುಖ್ಯವಾಗಿ ಕೊಲಂಬಿಯಾ, ಪೆರು, ಬೊಲಿವಿಯಾ. 2023ರಲ್ಲಿ ಕೊಲಂಬಿಯಾ ಒಂದರಲ್ಲೇ 2,53,000 ಹೆಕ್ಟೇರ್ ಕೋಕಾ ಇತ್ತು ಅಂತ ವಿಶ್ವಸಂಸ್ಥೆಯ ಲೆಕ್ಕ. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡ ಜಾಗ. ಅಲ್ಲಿನ ಬೆಟ್ಟದ ಜನ ತಲೆತಲಾಂತರದಿಂದ ಆ ಎಲೆ ಜಗಿಯುತ್ತಾರೆ. ಹಸಿವು, ಸುಸ್ತು ತಡೆಯೋಕೆ. ಬರೀ ಎಲೆಯಲ್ಲ, ಜೊತೆಗೆ ಸುಣ್ಣ ಅಥವಾ ಬೂದಿ.

"ಸುಣ್ಣವಾ?" ಅಪ್ಪನ ಬೆರಳು ಎಲೆಯ ಮೇಲೆ ನಿಂತಿತು.

ಹೌದು, ಸುಣ್ಣ. ಎಲೆಯ ಸಾರ ಬಿಡಲಿ ಅಂತ. ಬೊಲಿವಿಯಾದಲ್ಲಿ ಎಲೆ ಜಗಿಯೋದು ಕಾನೂನುಬದ್ಧ. ಆ ಹಕ್ಕಿಗಾಗಿ ಆ ದೇಶ ಅಂತರರಾಷ್ಟ್ರೀಯ ಮಾದಕವಸ್ತು ಒಪ್ಪಂದದಿಂದ ಹೊರಬಂದು, 2013ರಲ್ಲಿ ತನ್ನ ಷರತ್ತಿನೊಂದಿಗೆ ಮತ್ತೆ ಸೇರಿತು. ಎಲೆಯಲ್ಲಿ ಕೊಕೇನ್ ಇರೋದು ಶೇಕಡ ಒಂದರ ಆಸುಪಾಸು, ಅಷ್ಟೇ. ಮೋಸ ಶುರುವಾಗೋದು ಆಮೇಲೆ. ಕಾಡಿನೊಳಗಿನ ಶೆಡ್ಡುಗಳಲ್ಲಿ ರಾಶಿ ಎಲೆಗೆ ಸಿಮೆಂಟು, ಪೆಟ್ರೋಲು, ಆ್ಯಸಿಡ್ ಹಾಕಿ ಸಾರ ತೆಗೆಯುತ್ತಾರೆ.

"ಬೆಳೆಯೋನಿಗೆ ಗೊತ್ತಿಲ್ವಾ ಇದು ಎಲ್ಲಿಗೆ ಹೋಗುತ್ತೆ ಅಂತ?"

ಗೊತ್ತು. ಆದರೆ ಆ ಊರುಗಳಿಗೆ ರಸ್ತೆಯೇ ಇಲ್ಲ. ಬಾಳೆ ಬೆಳೆದರೆ ಪೇಟೆ ತಲುಪುವಷ್ಟರಲ್ಲಿ ಕೊಳೆಯುತ್ತದೆ. ಕೋಕಾ ಆದರೆ ವರ್ಷಕ್ಕೆ ಹಲವು ಕೊಯ್ಲು. ಕೊಳ್ಳುವವನು ಬಾಗಿಲಿಗೇ ಬರುತ್ತಾನೆ, ದುಡ್ಡು ಕೈಗೇ ಕೊಡುತ್ತಾನೆ. ಜೊತೆಗೆ ಬಂದೂಕೂ ತಂದಿರುತ್ತಾನೆ.

ಅಪ್ಪ ತಲೆಯಾಡಿಸಿದರು. "ಚೇಣಿಯವರು ಬಂದಹಾಗೆ. ಮರದಲ್ಲಿರುವಾಗಲೇ ಫಸಲು ಅವರದ್ದು. ಲಾರಿ ಬರದ ಊರಲ್ಲಿ ಇನ್ನೇನು ಬೆಳೀತಾನೆ ಪಾಪ."

ಮುಂದಿನ ದಾರಿಯನ್ನೂ ಹೇಳಿದೆ. ಈಕ್ವೆಡಾರಿನ ಗ್ವಾಯಾಕಿಲ್ ಬಂದರಿನಿಂದ ಬಾಳೆಹಣ್ಣಿನ ಕಂಟೇನರುಗಳಲ್ಲಿ ಅಡಗಿಸಿ ಯುರೋಪಿಗೆ ಕಳಿಸುತ್ತಾರೆ. ಬೆಲ್ಜಿಯಂನ ಆಂಟ್ವರ್ಪ್ ಬಂದರೊಂದರಲ್ಲೇ 2023ರಲ್ಲಿ 116 ಟನ್ ಸಿಕ್ಕಿಬಿತ್ತು. ಆ ದಾರಿಯ ಮೇಲಿನ ಹಿಡಿತಕ್ಕಾಗಿ ಗುಂಪುಗಳು ಬಡಿದಾಡಿ, ಶಾಂತವಾಗಿದ್ದ ಈಕ್ವೆಡಾರ್ ಕೆಲವೇ ವರ್ಷದಲ್ಲಿ ಕೊಲೆಗಳ ನಾಡಾಯಿತು. 2023ರ ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಫರ್ನಾಂಡೊ ವಿಲ್ಲಾವಿಸೆನ್ಸಿಯೊ ಅವರನ್ನೇ ಪ್ರಚಾರ ಸಭೆಯ ಹೊರಗೆ ಗುಂಡಿಟ್ಟು ಕೊಂದರು. ನಮ್ಮ ಕಡೆಗೆ ಬರೋದು ಅದರ ಸಣ್ಣ ಪಾಲು, ಹೆಚ್ಚಾಗಿ ವಿಮಾನದಲ್ಲಿ. ಬಡವರಿಗೆ ದುಡ್ಡಿನ ಆಸೆ ತೋರಿಸಿ ಹೊಟ್ಟೆಯೊಳಗೆ ಗುಳಿಗೆ ನುಂಗಿಸಿ ಕಳಿಸುತ್ತಾರೆ. ಒಂದು ಒಡೆದರೂ ಜೀವ ಹೋಗುತ್ತದೆ. ಈ ಮಾತಾದ ಮೇಲೆ, 2025ರ ಜುಲೈನಲ್ಲಿ, ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ದೋಹಾದಿಂದ ಬಂದ ಪ್ರಯಾಣಿಕನ ಹತ್ತಿರ ಡಿಆರ್‌ಐ (ಕಂದಾಯ ಗುಪ್ತಚರ ನಿರ್ದೇಶನಾಲಯ) ಅಧಿಕಾರಿಗಳು 4 ಕಿಲೋಗೂ ಜಾಸ್ತಿ ಕೊಕೇನ್ ಹಿಡಿದರು. ಕಾಮಿಕ್ಸ್ ಪುಸ್ತಕದ ರಟ್ಟಿನೊಳಗಿತ್ತು.

ದಾರಿಯುದ್ದಕ್ಕೂ ಕಲಬೆರಕೆ. ತೂಕಕ್ಕೆ ಏನೇನೋ ಸೇರಿಸುತ್ತಾರೆ. ಬಹಳ ಕಡೆ ಸಿಕ್ಕಿರುವುದು ಲೆವಾಮಿಸೋಲ್.

ಅಪ್ಪ ಥಟ್ಟನೆ ತಲೆಯೆತ್ತಿದರು. "ಕರುಗಳಿಗೆ ಹಾಕೋ ಜಂತಿನ ಔಷಧಿನಾ?"

ಅದೇ. ಮನುಷ್ಯರಲ್ಲಿ ಅದು ಬಿಳಿ ರಕ್ತಕಣಗಳನ್ನು ಇಳಿಸಿಬಿಡುತ್ತದೆ. ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಮಗನ ಕಡೆ ತಿರುಗಿದರು. "ಕೊಟ್ಟಿಗೇಲಿ ನಾನು ಆ ಬಾಟ್ಲಿ ಮುಟ್ಟಿದ ಕೈನ ಸೋಪು ಹಾಕಿ ತೊಳೀತೀನಲ್ಲೋ" ಅಂದರು. ಅಷ್ಟೇ. ಕಿರಣ್ ಅವತ್ತು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಮಾಹಿತಿ ಕೊಟ್ಟರೆ ಚಟ ಬಿಡುತ್ತಾರೆ ಅಂತ ನಾನು ನಂಬಲ್ಲ. ಸಿಗರೇಟ್ ಪ್ಯಾಕಿನ ಮೇಲೂ ಚಿತ್ರ ಇದೆ, ಅಲ್ವಾ? ಕಿರಣ್‌ಗೆ ಅಲ್ಲಿ ಕಳಚಿ ಬಿದ್ದದ್ದು ಒಂದು ಭ್ರಮೆ. ಗಾಂಜಾ ಸೇದೋರು ಬೇರೆ, ನಾವು ಬೇರೆ. ಇದು ಮೇಲಿನ ಮಟ್ಟದವರ ಶುದ್ಧ ವಸ್ತು ಅಂತ ಅವರು ಇಟ್ಟುಕೊಂಡಿದ್ದ ನಂಬಿಕೆ. ಅದಕ್ಕಿಂತ ದೊಡ್ಡದು, ಅಪ್ಪನಿಗೆ ಎಲ್ಲ ಗೊತ್ತಾದ ಮೇಲೂ ಅಪ್ಪ ಎದ್ದು ಹೋಗಲಿಲ್ಲ. ಆ ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಸಾಲದ ಪಟ್ಟಿ ಬರೆದರು. ತೋಟ ಅಡ ಇಡಲಿಲ್ಲ. ಕಾರು ಮಾರಿದರು.

ಏಳನೇ ತಿಂಗಳು

ಏಳನೇ ತಿಂಗಳಲ್ಲಿ ಆಫೀಸಿನ ಟೀಮ್ ಊಟ, ಒಂದು ಪಬ್‌ನಲ್ಲಿ. ಬಡ್ತಿ ಸಿಕ್ಕ ಖುಷಿ. ಒಂದು ಬಿಯರ್ ಅಂತ ಶುರುವಾಗಿ, ರಾತ್ರಿ ಹನ್ನೆರಡರ ಹೊತ್ತಿಗೆ ಯಾರದೋ ಕಾರಿನಲ್ಲಿ ಒಂದು ಲೈನ್‌ಗೆ ಬಂತು.

ಬೆಳಿಗ್ಗೆ ಆರಕ್ಕೆ ಕಿರಣ್ ಸುಮಾಗೆ ಹೇಳಿದರು. ಏಳಕ್ಕೆ ನನಗೆ ಫೋನ್. ಹಿಂದೆ ಇದೇ ತಪ್ಪನ್ನು ಮುಚ್ಚಿಡಲು ಅವರು ತಿಂಗಳುಗಟ್ಟಲೆ ಸುಳ್ಳು ಹೇಳಿದ್ದರು. ಈ ಸಲ ಏಳು ಗಂಟೆಯಲ್ಲಿ ಸತ್ಯ ಹೊರಗೆ ಬಂತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ದೊಡ್ಡ ಗೆಲುವು ಈ ಸೋಲಿನ ದಿನವೇ.

ಸುಮಾಗೆ ಹಾಗನಿಸಲಿಲ್ಲ. ಅವರು ಹುಂಡಿ ಒಡೆದು ಎಸೆಯುತ್ತೇನೆ ಅಂದರು. ಆ ಬೆಳಿಗ್ಗೆ ನಾವು ಮಾತಾಡಿ ಮಾಡಿದ ನಿರ್ಧಾರ ಇದು: ಈ ಗುರುವಾರ ಹುಂಡಿಗೆ ದುಡ್ಡು ಇಲ್ಲ. ಒಳಗಿರುವ ದುಡ್ಡು ಅಲ್ಲೇ ಇರಲಿ, ಅದು ದುಡಿದದ್ದು. ಅಣ್ಣನಿಗೆ ಹೇಳೋದು ಬೇಡ. ಸೋಮವಾರ ಮತ್ತೆ ಪರೀಕ್ಷೆ. ಕಿರಣ್ ತಮ್ಮ ಮ್ಯಾನೇಜರಿಗೆ "ಹೃದಯದ ತೊಂದರೆ, ಡಾಕ್ಟರ್ ಮದ್ಯ ಬೇಡ ಅಂದಿದಾರೆ" ಅಂತ ಹೇಳಿಬಿಟ್ಟರು. ಸುಳ್ಳೂ ಅಲ್ಲ. ಅಲ್ಲಿಂದ ಯಾರೂ ಒತ್ತಾಯ ಮಾಡಲಿಲ್ಲ.

ಈಗ

ಆ ಲೈನ್ ಆಗಿ 16 ತಿಂಗಳಾಗಿದೆ. ಮದ್ಯವೂ ಇಲ್ಲ. ಸಾಲ ಇನ್ನೂ 3 ಲಕ್ಷದಷ್ಟಿದೆ. ಪರೀಕ್ಷೆ ಈಗ ತಿಂಗಳಿಗೊಮ್ಮೆ.

ಇನ್ನೊಮ್ಮೆ ಇಂಥ ಪ್ರಕರಣ ಬಂದರೆ ನಾನು ಮೊದಲ ವಾರವೇ ಮದ್ಯದ ಬಗ್ಗೆ ಕೇಳುತ್ತೇನೆ, ಅದೂ ಪುಡಿಯ ಬಗ್ಗೆ ಕೇಳುವ ಮುಂಚೆ. ಮನೆಯವರು ಯಾವುದಾದರೂ ಕೇಂದ್ರಕ್ಕೆ ಸೇರಿಸುವ ಮುಂಚೆ ಒಂದು ಫೋನ್ ಮಾಡಲಿ ಅನ್ನೋದು ನನ್ನ ಆಸೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡೂ ಉಚಿತ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಎದೆನೋವು ಅಂತ ಬರುವ ಚಿಕ್ಕ ವಯಸ್ಸಿನವರನ್ನು ನೋಡುವ ಡಾಕ್ಟರುಗಳಿಗೂ ಒಂದು ಕೋರಿಕೆ: ಆ ಯುವ ಡಾಕ್ಟರ್ ಮಾಡಿದ ಹಾಗೆ ಒಂದು ನಿಮಿಷ ಪರದೆ ಎಳೆಯಿರಿ. ಮನೆಯವರ ಮುಂದೆ ಯಾರೂ ನಿಜ ಹೇಳಲ್ಲ.

ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕು. ಮೊದಲ ಆರು ತಿಂಗಳು ಸುಮಾರನ್ನು ನಾನು ಕಿರಣ್‌ರ ಕಾವಲಿಗೆ ಇಟ್ಟುಕೊಂಡೆ. ಹುಂಡಿ ಅವರದು, ಪರೀಕ್ಷೆಯ ರಿಪೋರ್ಟ್ ತರುವುದು ಅವರು, ಶನಿವಾರದ ಲೆಕ್ಕ ಅವರದು. ಅವರು ಹೇಗಿದ್ದಾರೆ ಅಂತ ಒಂದು ದಿನವೂ ಕೂರಿಸಿ ಕೇಳಲಿಲ್ಲ. ಹುಂಡಿ ಒಡೀತೀನಿ ಅಂದ ಆ ಬೆಳಿಗ್ಗೆ ನನಗೆ ಅದು ಅರ್ಥವಾಯಿತು.

ಮಗಳ ಆರನೇ ಹುಟ್ಟುಹಬ್ಬಕ್ಕೆ ಹುಂಡಿ ಒಡೆದರು. ಸೈಕಲ್ ಬಂದಿದೆ. ಸುಮಾ ಈಗ ಬುಧವಾರ ಸಂಜೆ ಶಾಲೆ ಮುಗಿಸಿ ಒಬ್ಬರೇ ನನ್ನ ಹತ್ತಿರ ಬರುತ್ತಾರೆ. ಹೋದ ವಾರ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಎಲ್ಲ ಸರಿಯಾಗಿದೆ ಮೇಡಂ. ಆದ್ರೆ ಅವ್ರು ಬಾತ್‌ರೂಂಗೆ ಹೋಗಿ ನಲ್ಲಿ ಬಿಟ್ರೆ ನಾನು ಈಗ್ಲೂ ಗಡಿಯಾರ ನೋಡ್ತೀನಿ."